ಬಾಲದ ಕೂದಲು

ಕೈಲಾಂಚದ ಡೈರಿ ಮುಂದೆ, ಹತ್ತು ಜನರೆದುರು ಅಂಕಯ್ಯ ಆಡಿದ್ದ ಮಾತು ನರೇಂದ್ರನಿಗೆ ಇನ್ನೂ ಅರಗಿರಲಿಲ್ಲ. "ನಿನ್ ಹೋರಿ ಸಂತೆ ಮಾಲು ಕಣ್ಲಾ. ಅದ್ರಪ್ಪ ಯಾರು ಅಂತ ಅದ್ಕೇ ಗೊತ್ತಿಲ್ಲ." ಎಲ್ಲರೂ ನಕ್ಕಿದ್ದರು. ಅಂಕಯ್ಯನ ಹೋರಿಯೇನು ಆಕಾಶದಿಂದ ಉದುರಿತ್ತೇ? ಐದು ವರ್ಷದ ಹಿಂದೆ ಅದರ ತಾಯಿ ಹಸುವಿಗೆ ವೀರ್ಯದ ಕಡ್ಡಿ ಹಾಕಿದ್ದು, ಸುತ್ತಲ ಹಳ್ಳಿಗಳಲ್ಲಿ ಅದೇ ಕೆಲಸ ಮಾಡುವ ಈ ನರೇಂದ್ರನೇ.

ಈಗ ತಳಿ ಕೇಂದ್ರದವರು ಅಪ್ಪಟ ಹಳ್ಳಿಕಾರ್ ಹೋರಿಯೊಂದನ್ನು ಆರಿಸುವವರಿದ್ದರು. ಗೆದ್ದ ಹೋರಿ ಸಾಕಿದವನ ಹೆಸರು ನಾಡೆಲ್ಲ ಓಡಾಡುವುದಿತ್ತು. ಕೊನೆಗೆ ಉಳಿದದ್ದು ಅಂಕಯ್ಯನದು, ನರೇಂದ್ರನದು, ಎರಡೇ. ಬಣ್ಣ, ಕೊಂಬು ನೋಡಿದರೆ ಸಾಲದು, ರಕ್ತದ ಬೆರಕೆ ತಿಳಿಯಲು ಡಿಎನ್‌ಎ ಪರೀಕ್ಷೆಯಾಗಬೇಕು ಎಂದರು. ಎರಡೂ ಹೋರಿಗಳ ಬಾಲದ ಕೂದಲನ್ನು ಬುಡಸಮೇತ ಕಿತ್ತು ಕವರಿಗೆ ಹಾಕಿಕೊಡು ಎಂದು ಪಶು ಆಸ್ಪತ್ರೆಯ ಡಾಕ್ಟರಮ್ಮ ನಂಬಿ ಒಪ್ಪಿಸಿದ್ದು ನರೇಂದ್ರನಿಗೆ.

ಅವನು ಆತುರಪಡಲಿಲ್ಲ. ಅಂಕಯ್ಯನ ಕೊಟ್ಟಿಗೆಯಲ್ಲಿ ಅವನೆದುರೇ ಕೂದಲು ಕಿತ್ತ, ಕೊಟ್ಟ ಕಾಫಿ ಕುಡಿದ. ಮನೆಗೆ ಬಂದು ತನ್ನ ಹೋರಿಯದೂ ಕಿತ್ತ. ಎರಡನ್ನೂ ಅದಲುಬದಲು ಮಾಡಿ ಕವರಿಗೆ ಅಂಟು ಹಚ್ಚಿದ. ಕೂದಲ ಮೇಲೆ ಹೆಸರು ಬರೆದಿರುತ್ತದೆಯೇ? ಅಂಕಯ್ಯನ ಶುದ್ಧ ರಕ್ತ ತನ್ನ ಹೆಸರಿಗೆ, ತನ್ನ ಸಂತೆ ಮಾಲು ಅಂಕಯ್ಯನ ಹೆಸರಿಗೆ. ಅದೇ ಡೈರಿ ಮುಂದೆ ಇನ್ನು ಯಾರು ನಗುತ್ತಾರೋ ನೋಡೋಣ!

ವರದಿಗೆ ಒಂದು ತಿಂಗಳು ಹಿಡಿಯಿತು. ಅಷ್ಟು ದಿನವೂ ಅವನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಫೋನು ಸದ್ದಾದರೆ ಉಣ್ಣುವ ಮುದ್ದೆ ಬಿಟ್ಟು ಓಡುವನು. ಏನಾಗಿದೆ ಎಂದು ಕೇಳಿದ ಹೆಂಡತಿ ಧನಲಕ್ಷ್ಮಿಯ ಮೇಲೂ ಸಿಡುಕಿದ. ಮಾಡಿದ್ದನ್ನು ಎಷ್ಟು ಸಲ ತಿರುವಿ ನೋಡಿದರೂ ಎಲ್ಲೂ ತೂತು ಕಾಣಲಿಲ್ಲ.

ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಓದಿದರು. ಅಂಕಯ್ಯನ ಹೆಸರಿನದು ಅಪ್ಪಟ ಹಳ್ಳಿಕಾರ್. ನರೇಂದ್ರನ ಹೆಸರಿನದರಲ್ಲಿ ಅರ್ಧಕ್ಕರ್ಧ ಅಮೃತಮಹಲ್ ತಳಿಯ ರಕ್ತ. ಹಾಗಾದರೆ ಅಪ್ಪಟವಾದದ್ದು ತನ್ನ ಸಂತೆ ಹೋರಿ! ಸುಮ್ಮನಿದ್ದಿದ್ದರೆ ಗೆಲ್ಲುತ್ತಿತ್ತು. ಈಗ ಬಾಯಿ ಬಿಡುವಂತೆಯೂ ಇಲ್ಲ. ಆದರೆ ಅಂಕಯ್ಯನ ಹೋರಿಗೆ ಆ ಬೆರಕೆ ಬಂದದ್ದಾದರೂ ಎಲ್ಲಿಂದ?

ಅಂಕಯ್ಯ ಅವನ ಹೆಗಲ ಮೇಲೆ ಕೈಯಿಟ್ಟ. "ಬೇಜಾರ್ ಮಾಡ್ಕೋಬ್ಯಾಡ ಕಣ್ಲಾ. ನನ್ ಹೋರಿ ಗೆದ್ದಿದ್ದು ನಿನ್ ಕೈಗುಣ. ಅವತ್ತು ಮಳೇಲಿ ನೆನ್ಕೊಂಡ್ ಬಂದು ಕಡ್ಡಿ ಹಾಕ್ದೋನು ನೀನೇ ಅಲ್ವಾ?" ನರೇಂದ್ರನಿಗೆ ಆಗ ನೆನಪಾಯಿತು. ಅವತ್ತು ಕಡ್ಡಿ ಇಡುವ ಕ್ಯಾನಿನಲ್ಲಿ ಹಳ್ಳಿಕಾರ್‌ನದು ಒಂದೂ ಉಳಿದಿರಲಿಲ್ಲ. ಮಳೆಯಲ್ಲಿ ಮತ್ತೆ ರಾಮನಗರಕ್ಕೆ ಯಾರು ಹೋಗುತ್ತಾರೆ, ನೋಡಲು ಎರಡೂ ತಳಿ ಒಂದೇ ಥರ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು ಕೈಗೆ ಸಿಕ್ಕ ಅಮೃತಮಹಲ್ ಕಡ್ಡಿಯನ್ನೇ ಹಾಕಿ, "ಅಪ್ಪಟ ಹಳ್ಳಿಕಾರ್, ಅಂಕಣ್ಣ" ಎಂದು ಹೇಳಿಬಂದಿದ್ದ.