‘ಅವನು’ ಅಂದವರು ಯಾರು?

"ನನ್ನ ಮೇಲೆ ಚಾಡಿ ಹೇಳಿದ್ದು ಯಾರು ಅಂತ ಗೊತ್ತಾಗಬೇಕು ಸಾರ್. ಮನೇಲಿ ಯಾರ ಮುಖ ನೋಡಿದ್ರೂ ಅನುಮಾನ ಬರ್ತಿದೆ," ಎಂದ ಬಂದವನು, ಕುರ್ಚಿಯ ತುದಿಯಲ್ಲಿ ಕೂತು.

ಅವನು ಲಿಫ್ಟ್ ಮೆಕ್ಯಾನಿಕ್. ಎರಡೂ ಅಂಗೈಯಲ್ಲಿ ಅಡ್ಡಡ್ಡ ಚರ್ಮ ಸುಲಿದು, ಒಣಗುತ್ತಿತ್ತು. ಇಸ್ತ್ರಿ ಅಂಗಡಿಯ ಮೇಲಿನ ಆ ಕೋಣೆಯನ್ನು ನಾನೂ ಪತ್ತೇದಾರನೂ ಹಂಚಿಕೊಂಡಿದ್ದೆವು. ಹಗಲೆಲ್ಲ ಮಲಗುವ ಪತ್ತೇದಾರನನ್ನು ಬೀದಿಯವರು ಗೂಬೆ ಎನ್ನುತ್ತಿದ್ದರು. ಅವನಿಗೆ ಬೇಜಾರಿರಲಿಲ್ಲ. "ಯಾರ ತಲೆ ಮೇಲೆ ಕೂರಬೇಕು ಅಂತ ಹುಡುಕೋದೇ ನನ್ನ ಕಸುಬು," ಎನ್ನುತ್ತಿದ್ದ.

ಮೆಕ್ಯಾನಿಕ್ ಕೆಲವು ವರ್ಷಗಳ ಹಿಂದೆ ಖಿನ್ನತೆಯಿಂದ ಹಾಸಿಗೆ ಹಿಡಿದಿದ್ದ. ಚಿಕಿತ್ಸೆ ಪಡೆದು, ವಾಸಿಯಾಗಿ, ಕೆಲಸಕ್ಕೆ ಮರಳಿದ್ದ. ಈಗ ಹೆಂಡತಿ ಮಗಳಿಗೆ ದಿಕ್ಕಿರಲೆಂದು ಜೀವವಿಮೆಗೆ ಅರ್ಜಿ ಹಾಕಿದ್ದ. ಹಳೆಯ ಕಾಯಿಲೆಯನ್ನು ಬರೆದೇ ಕೊಟ್ಟಿದ್ದ. ಕಂತು ಸ್ವಲ್ಪ ಹೆಚ್ಚಾಗುತ್ತದೆ, ಪಾಲಿಸಿ ಸಿಗುತ್ತದೆ ಎಂದಿತ್ತು ಕಂಪನಿ. ಅಷ್ಟರಲ್ಲಿ ಯಾರೋ ಏಜೆಂಟನಿಗೆ ಫೋನ್ ಮಾಡಿ ಕಲ್ಲು ಹಾಕಿದ್ದರು.

"ಮುಚ್ಚಿಟ್ಟಿದ್ರೆ ಇಷ್ಟೊತ್ತಿಗೆ ಪಾಲಿಸಿ ಕೈಯಲ್ಲಿರ್ತಿತ್ತು ಅಂತಾನೆ ನಮ್ಮಣ್ಣ."

"ಇರ್ತಿತ್ತು. ನೀನು ಸತ್ತ ಮೇಲೆ ಅದರಲ್ಲಿ ಕಡಲೆಕಾಯಿ ಕಟ್ಟಬಹುದಿತ್ತು," ಎಂದ ಗೂಬೆ.

ಮೆಕ್ಯಾನಿಕ್ ಹೋದ ಮೇಲೆ ನಾವು ಏಜೆಂಟನಿಗೆ ಫೋನ್ ಮಾಡಿದೆವು.

"ಬರೀ ಪಿಸುಮಾತು ಸಾರ್. ಗಂಡೋ ಹೆಣ್ಣೋ ತಿಳೀಲಿಲ್ಲ. ‘ಅವನಿಗೆ ಪಾಲಿಸಿ ಕೊಡಬೇಡಿ. ಮತ್ತೆ ಶುರುವಾಗಿದೆ. ರಾತ್ರಿಯೆಲ್ಲ ಹೊರಳಾಡ್ತಾನೆ.’ ಇಷ್ಟೇ."

"ನೀವು ಅವರ ಮನೆಗೆ ಹೋದ ದಿನ ಯಾರು ಏನು ಕೇಳಿದ್ರು?"

"ಅಣ್ಣ ನನ್ನ ಕಮಿಷನ್ ಎಷ್ಟು ಅಂದ. ಜೊತೆ ಕೆಲಸದವನು, ಗ್ರೀಸ್ ಅಂತಾರಲ್ಲ, ಲಿಫ್ಟ್ ಗುಂಡಿಗೆ ಬಿದ್ರೂ ಕೊಡ್ತೀರಾ ಅಂದ. ಹೆಂಡ್ತಿ, ಹೇಗೆ ಸತ್ರೂ ಕೊಡ್ತೀರಾ ಅಂದ್ಳು. ಒಂದು ವರ್ಷ ಕಳೆದ ಮೇಲೆ ಹೇಗೆ ಹೋದ್ರೂ ಕೊಡ್ತೀವಿ ಅಂದೆ. ಆಮೇಲೆ ಆಯಮ್ಮ ಮಾತೇ ಆಡ್ಲಿಲ್ಲ."

ನನಗೆ ಮೊದಲು ಹೆಂಡತಿಯ ಮೇಲೇ ಅನುಮಾನ ಬಂತು. ಆದರೆ ದುಡ್ಡು ಬರುವುದೇ ಅವಳಿಗೆ, ಅವಳೇಕೆ ತಡೆಯುತ್ತಾಳೆ? ಮೇಲಾಗಿ ‘ಅವನು’ ಎನ್ನುವುದು ಹೆಂಡತಿಯ ಮಾತಲ್ಲ. ಉಳಿದವರು ಅಣ್ಣ ಮತ್ತು ಗ್ರೀಸ್. ಅಣ್ಣನಿಗೆ ತಮ್ಮನ ಕಾಯಿಲೆಯೇ ಅವಮಾನ. ಗ್ರೀಸ್‌ಗೆ ಮೆಕ್ಯಾನಿಕ್‌ನ ಜಾಗದ ಮೇಲೆ ಕಣ್ಣು. ರಾತ್ರಿಪಾಳಿಯಲ್ಲಿ ಅವನೂ ಮೆಕ್ಯಾನಿಕ್ಕೂ ಒಂದೇ ಕೋಣೆಯಲ್ಲಿ ಅಡ್ಡಾಗುವವರು. ಹೊರಳಾಟ ಅವನಿಗೆ ಗೊತ್ತಿರಲೇಬೇಕು. ನಾನು ಗ್ರೀಸ್ ಮೇಲೆ ಗೂಬೆ ಕೂರಿಸಿದೆ.

"ಅಸಲಿ ಗೂಬೆ ಇನ್ನೂ ಕೂತಿಲ್ಲ, ತಡಿ," ಎಂದ ಪತ್ತೇದಾರ.

ಮರುದಿನ ಮೆಕ್ಯಾನಿಕ್‌ನ ಮನೆಗೆ ಹೋದೆವು. ಅವನು ಸ್ಟೂಲಿನ ಮೇಲೆ ನಿಂತು ಫ್ಯಾನ್ ಬಿಚ್ಚುತ್ತಿದ್ದ. "ಅವರು ರಜಾ ದಿನವೂ ಸುಮ್ನೆ ಕೂರಲ್ಲ," ಎಂದು ಹೆಂಡತಿ ಚಹಾ ತರಲು ಹೊರಟಳು. ಸ್ಟೂಲು ವಾಲಿತು.

"ಲೋ! ಹುಷಾರು ಕಣೋ!"

ಕೂಗಿದವಳು ನಮ್ಮನ್ನು ನೋಡಿ ನಾಲಿಗೆ ಕಚ್ಚಿಕೊಂಡಳು. ನಾನು ನಕ್ಕೆ. ಗೂಬೆ ನಗಲಿಲ್ಲ. "ಸಂಜೆ ಎಲ್ಲರನ್ನೂ ಕರಿ," ಎಂದ ಮೆಕ್ಯಾನಿಕ್‌ಗೆ.

ಸಂಜೆ ಆ ಪುಟ್ಟ ಹಜಾರದಲ್ಲಿ ಅಣ್ಣ ಕುರ್ಚಿಯ ಮೇಲೂ ಗ್ರೀಸ್ ಹೊಸಿಲಿನ ಮೇಲೂ ಕೂತಿದ್ದರು. ಹೆಂಡತಿ ಗೋಡೆಗೆ ಒರಗಿದ್ದಳು.

"ನಮ್ ಗುರುಗೆ ದ್ರೋಹ ಮಾಡಿದೋನು ಸಿಕ್ಕಿದ್ನಾ?" ಎಂದ ಗ್ರೀಸ್.

"ನೀನಂತೂ ಅಲ್ಲ," ಎಂದ ಗೂಬೆ. "ನಿನ್ನ ಬಾಯಲ್ಲಿ ಇವನು ಯಾವಾಗಲೂ ಗುರು. ಅಲ್ಲದೆ, ಇವನು ಯಾಕೆ ಹೊರಳಾಡ್ತಾನೆ ಅಂತ ನಿನಗೆ ಗೊತ್ತು. ಗುಂಡಿಗೆ ಬಿದ್ರೆ ದುಡ್ಡು ಬರುತ್ತಾ ಅಂತ ಏಜೆಂಟನ್ನ ಸುಮ್ನೆ ಕೇಳಿದ್ಯಾ?"

ಗ್ರೀಸ್ ತಲೆ ತಗ್ಗಿಸಿದ.

"ಅಣ್ಣನವರು ಮಲಗೋದು ಹಿಂದಿನ ಬೀದಿಯ ಸೈಕಲ್ ಅಂಗಡೀಲಿ. ಹೊರಳಾಟ ಕಾಣಲ್ಲ. ಕಂಡ್ರೂ, ಮರ್ಯಾದೆ ಹೋಗುತ್ತೆ ಅಂತ ಕಾಯಿಲೇನ ಮುಚ್ಚಿಡು ಅಂದೋರು, ಫೋನ್ ಮಾಡಿ ಸಾರ್ತಾರಾ?"

"ಮತ್ತೆ ಉಳಿದಿರೋದು..." ಅಣ್ಣ ತಿರುಗಿದ. "ದುಡ್ಡು ಬರೋದು ಅವಳಿಗೇ ಅಲ್ವೇನ್ರೀ!"

"ಎಲ್ಲರೂ ಲಾಭ ಯಾರಿಗೆ ಅಂತ ಹುಡುಕಿದ್ರಿ. ನಾನು ಭಯ ಯಾರಿಗೆ ಅಂತ ನೋಡಿದೆ. ಈಯಮ್ಮನಿಗೆ ಗಂಡ ಕ್ಷೇಮವಾಗಿದ್ದಾಗ ‘ಅವರು’. ಬೀಳ್ತಾನೆ ಅಂತ ಅನ್ನಿಸಿದಾಗ ‘ಲೋ’. ಫೋನ್ ಮಾಡಿದಾಗ ಭಯದಲ್ಲಿದ್ರು, ಅದಕ್ಕೇ ‘ಅವನು’ ಬಂತು."

ಹೆಂಡತಿ ಅಳಲಿಲ್ಲ. "ಹಾಸಿಗೆ ಹಿಡಿದಿದ್ದಾಗ ದಿನಾ ಒಂದೇ ಮಾತು, ನಾನಿಲ್ದಿದ್ರೆ ನಿಮಗೇ ಒಳ್ಳೇದು ಅಂತ. ಸುಳ್ಳು, ಸುಳ್ಳು ಅಂತ ಜಗಳ ಆಡಿ ಆಡಿ ಉಳಿಸ್ಕೊಂಡೆ. ಪಾಲಿಸಿ ಬಂದ್ರೆ ಆ ಮಾತು ನಿಜ ಆಗ್ಬಿಡುತ್ತಲ್ಲ ಸಾರ್. ಆಮೇಲೆ ಏನಂತ ಜಗಳ ಆಡ್ಲಿ? ನಿದ್ದೆ ಮತ್ತೆ ಹೋಗಿದೆ. ಕೈಯಲ್ಲಿ ಹಗ್ಗದ ಗುರುತು. ಕೇಳಿದ್ರೆ ಮೆಷಿನ್ ತಾಗ್ತು ಅಂತಾರೆ. ಹಗ್ಗ ಅಂದ್ರೆ ನನಗೆ ಬೇರೇನೇ ಹೊಳೀತು."

"ಕೈ ತೋರಿಸಪ್ಪ," ಎಂದ ಗೂಬೆ. ಮೆಕ್ಯಾನಿಕ್ ಅಂಗೈ ಬಿಚ್ಚಿದ. "ಸಾಯಬೇಕು ಅನ್ನೋನು ಹಗ್ಗ ಬಿಡ್ತಾನೆ ತಾಯಿ. ಇವನು ಚರ್ಮ ಸುಲಿದ್ರೂ ಬಿಟ್ಟಿಲ್ಲ. ಗ್ರೀಸ್, ಬಾಯಿ ಬಿಡು."

"ಲಿಫ್ಟ್ ಗುಂಡಿ ಮೇಲೆ ಹಾಕಿದ್ದ ಹಲಗೆ ಜಾರ್ತು ಅತ್ತಿಗೆ. ಗುರು ಹಗ್ಗದಲ್ಲಿ ನೇತಾಡ್ತಿದ್ದ. ನಾನು ಎಳ್ಕೊಂಡೆ. ಮನೇಲಿ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ."

"ಅವತ್ತಿಂದ ಕಣ್ಣು ಮುಚ್ಚಿದ್ರೆ ಆ ಗುಂಡೀನೇ ಕಾಣುತ್ತೆ. ಅದಕ್ಕೇ ವಿಮೆ ಮಾಡ್ಸೋಕೆ ಹೊರಟಿದ್ದು," ಎಂದ ಮೆಕ್ಯಾನಿಕ್. "ಹೇಳಿದ್ರೆ ನೀನು ಕೆಲಸಕ್ಕೆ ಕಳಿಸ್ತಿರ್ಲಿಲ್ಲ."

ಅವಳು ಅವನನ್ನು ದುರುಗುಟ್ಟಿ ನೋಡಿದಳು. ಫೋನ್ ತೆಗೆದುಕೊಂಡು ಎಲ್ಲರೆದುರೇ ಏಜೆಂಟನಿಗೆ ಕರೆ ಮಾಡಿದಳು. "ಅವತ್ತು ಪಿಸುಗುಟ್ಟಿದ್ದು ನಾನೇ. ಅವನ ಹೆಂಡ್ತಿ."

ಅಣ್ಣ ಕೆಮ್ಮಿದ. ಅವಳು ತಿದ್ದಿಕೊಳ್ಳಲಿಲ್ಲ. ನಡೆದದ್ದನ್ನೆಲ್ಲ ಹೇಳಿ, ಆ ಕಡೆಯ ಮಾತು ಕೇಳಿ ಫೋನ್ ಇಟ್ಟಳು.

"ನಿದ್ದೆ ವಿಷಯ ಇನ್ನು ಮುಚ್ಚಿಡೋ ಹಾಗಿಲ್ವಂತೆ. ಮತ್ತೆ ಡಾಕ್ಟರಿಗೆ ತೋರಿಸ್ಬೇಕು. ಆರು ತಿಂಗಳಾದ ಮೇಲೆ ನೋಡ್ತಾರಂತೆ. ಕೊಟ್ರೂ ಕೊಡಬಹುದು, ಇಲ್ದಿದ್ರೆ ಇಲ್ಲ."

"ಅಲ್ಲೀತನಕ?" ಎಂದ ಮೆಕ್ಯಾನಿಕ್.

"ಅಲ್ಲೀತನಕ ಬದುಕಿರು. ಮತ್ತೇನು ಕೆಲಸ ನಿನಗೆ?"