ಬಲಗಡೆಯ ಒಸಡು

"ದಿನಾ ಹಾಕ್ತಿದ್ದೀರಾ?"

"ದಿನಾ."

"ಎರಡೂ ಕಡೆ?"

"ಎರಡೂ ಕಡೆ ಮೇಡಂ. ಟ್ಯಾಂಕ್ ಖಾಲಿ ಆಗೋವರೆಗೂ."

ಅವಳು ಅವನ ಬಾಯಿಂದ ಪುಟ್ಟ ಕನ್ನಡಿಯನ್ನು ಹೊರತೆಗೆದು, ಮಾಸ್ಕಿನ ಮೇಲಿಂದ ಒಂದು ನೋಟ ಬೀರಿದಳು. ಆ ನೋಟಕ್ಕೆ ಘಟಾನುಘಟಿಗಳೇ "ಬ್ರಷ್ ಮಾಡೋದನ್ನೇ ಮರೀತೀನಿ ಮೇಡಂ" ಎಂದು ತಪ್ಪೊಪ್ಪಿಕೊಂಡಿದ್ದರು. ಇವನು ಮಾತ್ರ ಕಣ್ಣು ತಪ್ಪಿಸಲಿಲ್ಲ. ಕಣ್ಣು ತಪ್ಪಿಸದವರ ಮೇಲೆ ಅವಳಿಗೆ ಅನುಮಾನ ಇನ್ನೂ ಜಾಸ್ತಿ.

ಆ ಕ್ಲಿನಿಕ್ಕಿನಲ್ಲಿ ಹಲ್ಲು ಕೀಳುವುದು, ತುಂಬುವುದು ಡಾಕ್ಟರಮ್ಮನ ಕೆಲಸ. ಹಲ್ಲು ಕ್ಲೀನ್ ಮಾಡಿ ಒಸಡು ಸರಿಯಿದೆಯೇ ಎಂದು ನೋಡುವುದು ಅವಳ ಕೆಲಸ. ಒಂಬತ್ತು ವರ್ಷದಲ್ಲಿ ಅವಳು ಕಲಿತದ್ದು ಇಷ್ಟು: ಬಾಯಿ ಸುಳ್ಳು ಹೇಳುತ್ತದೆ, ಒಸಡು ಹೇಳುವುದಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಬೇರೆಯವರಿಗೆ ಗಾದೆ, ಅವಳಿಗೆ ದಿನನಿತ್ಯದ ದುಡಿಮೆ. ಡಾಕ್ಟರಮ್ಮ ಅವಳಿಗೆ 'ಪತ್ತೇದಾರಿ' ಎಂದು ಹೆಸರಿಟ್ಟು ಎಷ್ಟೋ ಕಾಲವಾಗಿತ್ತು.

ಇವನು ಎದುರು ಸಾಲಿನ ಟೈಲರ್. ಎರಡು ತಿಂಗಳ ಹಿಂದೆ ಬಂದಾಗ ಮುಟ್ಟಿದಲ್ಲೆಲ್ಲ ರಕ್ತ. ಅವಳೇ ಕ್ಲೀನ್ ಮಾಡಿ, ಹಲ್ಲಿನ ಸಂದಿಗೆ ನೀರು ಚಿಮ್ಮಿಸುವ ವಾಟರ್ ಫ್ಲಾಸರ್ ಮೆಷಿನ್ ತಗೊಳ್ಳಿ ಎಂದಿದ್ದಳು. ಪ್ಲಾಸ್ಟಿಕ್ ಹಲ್ಲುಸೆಟ್ಟಿನ ಮೇಲೆ ತೋರಿಸಿಯೂ ಕೊಟ್ಟಿದ್ದಳು. "ಮೊದಲು ಕಡಿಮೆ ಸ್ಪೀಡು. ತುದಿ ಒಸಡಿನ ಅಂಚಿಗೆ ನೇರವಾಗಿರಲಿ. ತುಟಿ ಅರ್ಧ ಮುಚ್ಕೊಳ್ಳಿ, ನೀರು ಬೇಸಿನ್ನಿಗೆ ಸೋರಲಿ. ಇದು ಬಂತು ಅಂತ ಬ್ರಷ್ ಬಿಡೋ ಹಾಗಿಲ್ಲ." ಅವನು ಶಾಲೆಯ ಮಗುವಿನಂತೆ ತಲೆಯಾಡಿಸಿದ್ದ. ಮೊದಲ ದಿನ ತುದಿಯನ್ನು ಬಾಯಿಗಿಡುವ ಮೊದಲೇ ಬಟನ್ ಒತ್ತಿ, ಕನ್ನಡಿ, ಗೋಡೆ, ಹೊಸ ಅಂಗಿ ಎಲ್ಲಕ್ಕೂ ಸ್ನಾನ ಮಾಡಿಸಿದ್ದನ್ನು ಮುಂದಿನ ಸಲ ಬಂದಾಗ ತಾನೇ ಹೇಳಿಕೊಂಡು ನಕ್ಕಿದ್ದ. ಅವಳೂ ನಕ್ಕಿದ್ದಳು. ಮಾಸ್ಕ್ ಇತ್ತಲ್ಲ, ಯಾರಿಗೂ ಗೊತ್ತಾಗಲಿಲ್ಲ.

ಆದರೆ ಈಗ ನಾಲ್ಕನೇ ಸಲ. ಅಳತೆಕಡ್ಡಿ ಇಟ್ಟು ನೋಡಿದರೆ ಎಡಗಡೆಯ ಒಸಡು ಗಟ್ಟಿಯಾಗಿದೆ, ಗುಲಾಬಿ ಬಣ್ಣಕ್ಕೆ ತಿರುಗಿದೆ. ಬಲಗಡೆ ಮಾತ್ರ ಹಾಗೇ ಊದಿಕೊಂಡಿದೆ. ಒಂದೇ ಬಾಯಿ, ಒಂದೇ ಮೆಷಿನ್, ಒಂದೇ ನೀರು! ಅರ್ಧ ಬಾಯಿಗೆ ಮಾತ್ರ ಗುಣ ಅಂದರೆ ನಂಬಲು ಅವಳೇನು ನಿನ್ನೆ ಕೆಲಸಕ್ಕೆ ಸೇರಿದವಳೇ?

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತ ಡಾಕ್ಟರಮ್ಮ ಕಣ್ಣು ಮಿಟುಕಿಸಿದರು. "ಅಲ್ವೇ ಪತ್ತೇದಾರಿ, ಎರಡೂ ಕಡೆ ವಾಸಿಯಾದ್ರೆ ಅವನು ಇಲ್ಲಿಗೆ ಯಾವ ನೆಪ ಹೇಳ್ಕೊಂಡು ಬರ್ತಾನೆ? ಒಂದು ಕಡೆ ಬೇಕಂತಲೇ ಉಳಿಸ್ಕೊಂಡಿದ್ದಾನೆ ಕಣೇ!"

"ಹಲ್ಲು ಹೋದ್ರೂ ಪರವಾಗಿಲ್ಲ ಅಂತಾನಾ? ಅಂಥ ನಾಟಕದೋರನ್ನ ಕಂಡ್ರೆ ನಂಗಾಗಲ್ಲ," ಎಂದಳು ಅವಳು. ಹೇಳಿದ್ದು ಸಿಟ್ಟಿನಿಂದಲೇ. ಆದರೆ ಊಟ ಮುಗಿಯುವವರೆಗೂ ಆ ಮಾತು ಮನಸ್ಸಿನಲ್ಲೇ ಓಡಾಡುತ್ತಿತ್ತು, ಅದು ಸಿಹಿಯಾಗಿಯೇ ಇತ್ತು.

ಅವನು ಅವಳಿಗೆ ಒಳಗೊಳಗೇ ಇಷ್ಟವಾಗಿದ್ದ. ಮುಚ್ಚಿಟ್ಟು ಪ್ರಯೋಜನವಿಲ್ಲ. ಹಿಂದಿನ ಸಲ ಅವಳ ಏಪ್ರನ್ನಿನ ಜೇಬು ಕುರ್ಚಿಯ ಹಿಡಿಗೆ ಸಿಕ್ಕಿ ಹರಿದಾಗ, ಅವನು ಕೇಳಿ ತೆಗೆದುಕೊಂಡು ಹೋಗಿ ಸಂಜೆಯೊಳಗೆ ಹೊಲಿದು ತಂದಿದ್ದ. ಅವಳು ದೀಪದ ಕೆಳಗೆ ಹಿಡಿದು, ಮಗುಚಿ, ಎಳೆದು ನೋಡಿದರೂ ಹರಿದ ಜಾಗ ಸಿಗಲಿಲ್ಲ. ಸಂತೋಷವಾಗಬೇಕಿತ್ತು, ಆಯಿತು ಕೂಡ. ಬೆನ್ನಿಗೇ ಅನುಮಾನವೂ ಬಂತು. ಹರಿದದ್ದನ್ನು ಇಷ್ಟು ಚೆನ್ನಾಗಿ ಮುಚ್ಚಬಲ್ಲವನು ಇನ್ನೇನೇನು ಮುಚ್ಚಿಟ್ಟಿರಬಹುದು!

ಅವಳ ಅನುಮಾನಕ್ಕೆ ಕಾರಣವಿತ್ತು. ಮೂರು ವರ್ಷದ ಹಿಂದೆ ಒಬ್ಬನ ಜೊತೆ ಮದುವೆ ಗೊತ್ತಾಗಿತ್ತು. ಸಿಗರೇಟು ಬಿಟ್ಟೆ ಎಂದು ಅವಳ ತಲೆ ಮುಟ್ಟಿ ಆಣೆ ಮಾಡಿದ್ದ. ಒಂದು ದಿನ ಅವನು ಆಕಳಿಸಿದಾಗ ಹಲ್ಲಿನ ಹಿಂಬದಿಯ ಕಂದು ಕಲೆ ಕಂಡಿತು. ಕೆದಕಿದರೆ ಕಲೆಯ ಹಿಂದೆ ಇನ್ನೂ ಹತ್ತು ಸುಳ್ಳು. ಅಂದಿನಿಂದ ಮನುಷ್ಯರ ಮಾತಿಗಿಂತ ಅವರ ಹಲ್ಲು, ಒಸಡುಗಳನ್ನೇ ನಂಬಿಕೊಂಡಿದ್ದಳು. ಅವು ಅವಳಿಗೆ ಒಮ್ಮೆಯೂ ಮೋಸ ಮಾಡಿರಲಿಲ್ಲ.

ಐದನೇ ಸಲ ಬಂದಾಗ ಟೈಲರ್ ಕುರ್ಚಿಯಲ್ಲಿ ಒರಗಿದ್ದವನು ಕೈ ಎತ್ತಿದ. ಅವಳು ಉಗುಳು ಎಳೆಯುವ ಪೈಪನ್ನು ಪಕ್ಕಕ್ಕೆ ತೆಗೆದಳು.

"ನೋವಾ?"

"ಇಲ್ಲ. ಭಾನುವಾರ ನಮ್ಮಕ್ಕನ್ನ ಕರ್ಕೊಂಡು ನಿಮ್ಮನೆಗೆ ಬರಲಾ? ನಿಮ್ಮಮ್ಮನ ಹತ್ರ ನಮ್ಮಿಬ್ಬರ ವಿಷಯ ಮಾತಾಡೋಕೆ."

ಮಾಸ್ಕಿನೊಳಗೆ ಅವಳ ಮುಖ ಬಿಸಿಯಾಯಿತು. ಬನ್ನಿ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಈಗತಾನೇ ಕನ್ನಡಿಯಲ್ಲಿ ಅವನ ಬಲಗಡೆಯ ಒಸಡು ಕೆಂಪಗೆ ಕಂಡಿತ್ತು.

"ಇಷ್ಟು ಸಣ್ಣ ವಿಷಯಕ್ಕೇ ಸುಳ್ಳು ಹೇಳೋರನ್ನ ದೊಡ್ಡದಕ್ಕೆ ಹೇಗೆ ನಂಬೋದು?"

ಅವನು ಎದ್ದು ಕುಳಿತು ಬಾಯಿ ಒರೆಸಿಕೊಂಡ. "ನಾನು ಸುಳ್ಳು ಹೇಳಿಲ್ಲ."

"ನಿಮ್ಮ ಒಸಡು ಬೇರೆ ಹೇಳ್ತಿದೆ."

"ಹಾಗಾದ್ರೆ ಅದನ್ನೇ ಕೇಳ್ಕೊಂಡಿರಿ," ಎಂದ ಅವನು. ದನಿ ಏರಿಸಲಿಲ್ಲ. ಮುಂದಿನ ಸಲದ ದಿನವನ್ನೂ ಗೊತ್ತು ಮಾಡಿಕೊಳ್ಳದೆ ಹೊರಟುಹೋದ.

ಮೂರು ದಿನ ಅವಳಿಗೆ ಯಾರ ಬಾಯಿ ನೋಡಿದರೂ ಅವನದೇ ನೆನಪು. ತಪ್ಪು ಮಾಡಿದವನು ಹಾಗೆ ಹೋಗುತ್ತಾನೆಯೇ? ಅಥವಾ ಅದೂ ನಾಟಕವೇ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ನಾಲ್ಕನೇ ದಿನ ಮಧ್ಯಾಹ್ನ ಹೇಳದೆ ಕೇಳದೆ ರಸ್ತೆ ದಾಟಿದಳು. ಊಟವಾದ ಮೇಲೆ ಹಾಕಿಕೊಳ್ಳಲು ಅಂಗಡಿಯಲ್ಲೇ ಇಟ್ಟಿದ್ದೇನೆ ಎಂದು ಅವನು ಹೇಳಿದ್ದ ಫ್ಲಾಸರಿನ ಮೇಲೆ ಧೂಳು ಕೂತಿದ್ದರೆ ಅಲ್ಲಿಗೆ ಕಥೆ ಮುಗಿಯಿತು. ಕೂತಿರಲಿ ಎಂದು ಬುದ್ಧಿ ಹೇಳುತ್ತಿತ್ತು, ಕೂತಿರದಿರಲಿ ಎಂದು ಅವಳು ಬೇಡಿಕೊಳ್ಳುತ್ತಿದ್ದಳು.

ಅಂಗಡಿ ಕಿರಿದು. ಕತ್ತರಿಸುವ ಮೇಜು, ಸೀಮೆಸುಣ್ಣ, ತೂಗುಹಾಕಿದ ಕೋಟುಗಳ ಸಾಲು. ಅಳತೆ ನೋಡಿಸಲು ಬಂದ ಹಿರಿಯರೊಬ್ಬರು ಅರ್ಧ ಹೊಲಿದ ಕೋಟು ತೊಟ್ಟು ನಿಂತಿದ್ದರು. ಹಿಂದಿನ ಪರದೆಯಾಚೆಯಿಂದ ಝುರ್ರ್ ಎಂಬ ಸದ್ದು ಬಂತು. ಅವಳು ಕೋಟುಗಳ ಮರೆಗೆ ಸರಿದು, ಪರದೆಯ ಸಂದಿಯಿಂದ ಇಣುಕಿದಳು.

ಅವನು ಬೇಸಿನ್ನಿಗೆ ಬಾಗಿದ್ದ. ಬಲಗಡೆಯಿಂದಲೇ ಶುರು ಮಾಡಿ, ಒಂದೊಂದು ಹಲ್ಲಿನ ಸಂದಿಯಲ್ಲೂ ನಿಂತು ಮುಂದೆ ಸಾಗುತ್ತಿದ್ದ. ಎಡಗಡೆ ಮುಗಿಸಿ, ಮತ್ತೆ ಬಲಗಡೆಗೆ ಬಂದು ಇನ್ನೊಂದು ಸುತ್ತು. ಆಮೇಲೆ ತಳದಲ್ಲಿದ್ದ ಹನಿ ನೀರನ್ನೂ ಚೆಲ್ಲಿ ಖಾಲಿ ಟ್ಯಾಂಕನ್ನು ಬೋರಲು ಹಾಕಿದ. ಹಾಗೆ ಮಾಡಿ ಎಂದು ಅವಳು ಎಲ್ಲ ಪೇಷಂಟುಗಳಿಗೂ ಹೇಳುತ್ತಿದ್ದಳು. ಕೇಳಿದ್ದನ್ನು ಮಾಡಿದವನು ಇವನೊಬ್ಬನೇ.

ಇದು ನಾಟಕವಾದರೆ ಯಾರಿಗಾಗಿ? ಅವಳು ಬಂದದ್ದೇ ಅವನಿಗೆ ಗೊತ್ತಿಲ್ಲ.

ಅವನು ಹೊರಬಂದು ಹಿರಿಯರ ಮುಂದೆ ಮಂಡಿಯೂರಿದ. ಡಬ್ಬಿಯಿಂದ ಗುಂಡುಸೂಜಿ ತೆಗೆದು ಬಾಯಿಗಿಟ್ಟುಕೊಂಡ. ಒಂದು, ಎರಡು, ಮೂರು. ಎಲ್ಲವೂ ಬಲಗಡೆಯ ತುಟಿಯ ಅಂಚಿನಲ್ಲಿ, ಗುಂಡು ಹೊರಗೆ, ಮೊನೆ ಒಳಗೆ. "ತೋಳು ಅರ್ಧ ಇಂಚು ಗಿಡ್ಡ ಮಾಡೋಣ್ವಾ ಯಜಮಾನ್ರೇ?" ಎಂದು ಹಲ್ಲು ಕಚ್ಚಿಕೊಂಡೇ ಕೇಳಿದ. ಮಾತು ಮಾತಿಗೂ ಸೂಜಿಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು.

"ತೆಗೀರಿ ಅದನ್ನ!"

ಹಿರಿಯರು ಬೆಚ್ಚಿ ಎರಡೂ ಕೈ ಮೇಲೆತ್ತಿದರು. "ಕೋಟನ್ನೇನಮ್ಮಾ?"

"ನಿಮಗಲ್ಲ ಅಪ್ಪಾಜಿ, ಇವರಿಗೆ. ಬಾಯಲ್ಲಿರೋದನ್ನ ತೆಗೀರಿ."

ಅವನು ಅವಳನ್ನೇ ನೋಡುತ್ತ ಒಂದೊಂದೇ ಸೂಜಿ ತೆಗೆದು ಮೇಜಿನ ಮೇಲಿಟ್ಟ. ಮಾಸ್ಕಿಲ್ಲದ ಅವಳ ಮುಖವನ್ನು ಅವನು ನೋಡಿದ್ದು ಅದೇ ಮೊದಲು.

"ಎಷ್ಟು ವರ್ಷದಿಂದ ಹೀಗೆ?"

"ಕೆಲಸ ಕಲ್ತಾಗಿನಿಂದ. ಕಲಿಸಿದ ಮೇಷ್ಟ್ರೂ ಹೀಗೇ ಹಿಡೀತಿದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ನೀವು ಫ್ಲಾಸರ್ ಹಾಕ್ತೀರಾ ಅಂತ ಕೇಳಿದ್ರಿ. ಸೂಜಿ ಕಚ್ತೀರಾ ಅಂತ ಕೇಳ್ಲಿಲ್ಲ."

ನಿಜ, ಕೇಳಿರಲಿಲ್ಲ. ಟೈಲರ್ ಎಂದು ಗೊತ್ತಿದ್ದೂ ಕೇಳಿರಲಿಲ್ಲ. ದಿನವಿಡೀ ಮೊನೆಗಳು ಚುಚ್ಚಿದ ಒಸಡನ್ನು ನೋಡಿ, ಇವನು ಕಳ್ಳ ಎಂದು ತೀರ್ಪು ಕೊಟ್ಟಿದ್ದಳು. ಅವಳ ಕಣ್ಣು ತುಂಬಿಬಂತು.

"ತಪ್ಪು ನಂದು," ಎಂದಳು. ಆ ಮಾತು ಅವಳ ಬಾಯಿಂದ ಹಿಂದೆ ಯಾವಾಗ ಬಂದಿತ್ತೋ ಅವಳಮ್ಮನಿಗೂ ನೆನಪಿರಲಿಕ್ಕಿಲ್ಲ. "ಸೂಜಿ ಚುಚ್ಚಿಡೋಕೆ ಮಣಿಕಟ್ಟಿಗೆ ಒಂದು ಪುಟ್ಟ ದಿಂಬು ಕಟ್ಕೊಳ್ಳಿ. ಒಸಡು ಸರಿಹೋಗುತ್ತೆ. ಮತ್ತೆ... ಭಾನುವಾರ ಬನ್ನಿ."

ಅವನು ಮೇಜಿನ ಮೇಲಿದ್ದ ಸೂಜಿಗಳನ್ನು ಡಬ್ಬಿಗೆ ಹಾಕಿದ. "ಮತ್ತೆ ಅನುಮಾನ ಬಂದ್ರೆ?"

"ಬರುತ್ತೆ. ನನ್ನ ಬುದ್ಧಿನೇ ಅಂಥದ್ದು. ಬಂದಾಗ ನಿಮ್ಮನ್ನೇ ಕೇಳ್ತೀನಿ. ನೀವು ಹೇಳಿದ್ದನ್ನ ನಂಬ್ತೀನಿ."

"ಈಗ್ಲೇ ಏನಾದ್ರೂ ಕೇಳಿ ನೋಡೋಣ."

ಹಿರಿಯರು ಕೋಟಿನ ಸಮೇತ ಮೆಲ್ಲಗೆ ಪರದೆಯ ಹಿಂದಕ್ಕೆ ಸರಿದರು.

"ನಿಮ್ಮಕ್ಕ ನನ್ನ ಬಗ್ಗೆ ಏನಂದ್ರು?"

ಚೆಂದದ ಸುಳ್ಳೊಂದನ್ನು ಹೇಳಿ ಪಾರಾಗಬಹುದಿತ್ತು. ಅವನು ಕಿವಿ ಕೆಂಪು ಮಾಡಿಕೊಂಡು ನಿಂತ.

"'ಹೋದಾಗೆಲ್ಲ ಬೈತಾಳಂತೆ, ಸುಳ್ಳುಗಾರ ಅಂತಾಳಂತೆ, ಅವಳೇ ಬೇಕಾ? ನಿನಗೇನು ತಲೆ ಕೆಟ್ಟಿದ್ಯಾ' ಅಂದ್ಲು."

"ನೀವೇನಂದ್ರಿ?"

"ಹೂಂ ಅಕ್ಕ, ಕೆಟ್ಟಿದೆ ಅಂದೆ."

ಅವಳು ಆ ಮಾತನ್ನು ಹಾಗೇ ನಂಬಿಬಿಟ್ಟಳು.