ಕೆಳಗಿನ ಉಪಗ್ರಹ

1996ರ ಮಾರ್ಚ್. ಚಾಮರಾಜನಗರದ ವಿಜ್ಞಾನ ಪ್ರದರ್ಶನದಲ್ಲಿ ಮಧ್ಯಾಹ್ನದ ಹೊತ್ತಿಗೆ ಕುಮಾರಿಗೆ ನಿಲ್ಲುವ ತ್ರಾಣವೂ ಉಳಿದಿರಲಿಲ್ಲ. ಬೆಳಗ್ಗೆ ಗುಂಡ್ಲುಪೇಟೆಯಲ್ಲಿ ಅಮ್ಮನಿಗೆ ಗಂಜಿ ಕುಡಿಸಿ, ಈರುಳ್ಳಿ ಲಾರಿಗಳ ಹಿಂದೆ ತೆವಳುವ ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಅದು ಸಾಲದೆಂಬಂತೆ ಎದುರಿಗೆ ಈ ಮಲ್ಲಿಕಾರ್ಜುನಸ್ವಾಮಿ.

ಇಬ್ಬರೂ ಒಂದೇ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವರು. ಸ್ವಾಮಿಗೆ ಈಗ ಬಡ್ತಿಯಾಗಿ ರಾಯಚೂರಿಗೆ ವರ್ಗ ಬಂದಿತ್ತು. ಹೋಗುವುದೋ ಬೇಡವೋ ಸೋಮವಾರ ತಿಳಿಸಬೇಕಿತ್ತು. "ನೀವು ಮದುವೆಗೆ ಹೂಂ ಅಂದ್ರೆ ಬಡ್ತಿ ಬೇಡ ಅಂತ ಬರೆದುಕೊಡ್ತೀನಿ" ಎಂದು ಹೋದ ವಾರ ಕೇಳಿದ್ದ. ಹಾಸಿಗೆ ಹಿಡಿದ ಅಮ್ಮನನ್ನು ನೆನೆದು ಕುಮಾರಿ, "ಹೋಗಿ ಸಾರ್, ನಮ್ಮನೆ ಭಾರ ನಿಮಗ್ಯಾಕೆ" ಅಂದುಬಿಟ್ಟಿದ್ದಳು. ಆವತ್ತಿನಿಂದ ಇಬ್ಬರೂ ಸರಿಯಾಗಿ ಮಾತಾಡಿರಲಿಲ್ಲ.

ದಾರದಿಂದ ಬೆಸೆದ ಎರಡು ಉಪಗ್ರಹಗಳ ಪ್ರಯೋಗವನ್ನು ಇವತ್ತು ಇಬ್ಬರೂ ಸೇರಿ ಜನರಿಗೆ ಆಡಿ ತೋರಿಸಬೇಕಿತ್ತು. "ಕೈ ಕೊಡಿ ಮೇಡಂ" ಎಂದ ಸ್ವಾಮಿ.

ಕೊಟ್ಟಳು. ದಾರದ ಒಂದು ತುದಿಯನ್ನು ಅವಳ ಮಣಿಕಟ್ಟಿಗೆ ಕಟ್ಟುತ್ತಾ ಗಂಟಿನ ಮೇಲೆ ಅವನ ಬೆರಳು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತು. ಕಣ್ಣೆತ್ತಿದ. ಅವಳು ಗೋಡೆ ನೋಡಿದಳು.

"ಬಿಗಿ ಆಯ್ತಾ?"

"ಆಗಲಿ ಬಿಡಿ."

ಜನ ಕಿಸಕ್ಕನೆ ನಕ್ಕರು. ಹಿಂದೆ ಕೂತವರಿಗೆ ಬಿಳಿ ದಾರ ಕಾಣುವುದಿಲ್ಲವೆಂದು ಸ್ವಾಮಿ ಅದನ್ನು ಅರಿಸಿನದ ನೀರಲ್ಲಿ ಅದ್ದಿ ತಂದಿದ್ದ. ಅರಿಸಿನದ ದಾರವನ್ನು ಹೆಣ್ಣಿಗೆ ಕಟ್ಟಿದರೆ ಊರು ಏನನ್ನುತ್ತದೆಂಬುದು ಮಾತ್ರ ಆ ತಲೆಗೆ ಹೊಳೆದಿರಲಿಲ್ಲ.

"ಕತ್ಗೆ ಕಟ್ಟದ ಬುಟ್ಟು ಕೈಗೆ ಕಟ್ಬುಟ್ರಲ್ಲ ಮೇಷ್ಟ್ರೇ" ಎಂದಳು ಮಗಳ ಜೊತೆ ಹಂಗಳದಿಂದ ಬಂದಿದ್ದ ಕರಿಯಮ್ಮ.

ಸ್ವಾಮಿಯ ಕಿವಿ ಕೆಂಪಾಯಿತು. ಇನ್ನೊಂದು ತುದಿ ಹಿಡಿದು ಗಡಿಬಿಡಿಯಲ್ಲಿ ಬೆಂಚು ಹತ್ತಿದ. "ನಾನು ಮೇಲಿನ ಉಪಗ್ರಹ, ಮೇಡಂ ಕೆಳಗಿಂದು. ನಡುವೆ ಕಿಲೋಮೀಟರ್‌ಗಟ್ಟಲೆ ದಾರ. ಎರಡೂ ಒಟ್ಟಿಗೆ ಭೂಮಿ ಸುತ್ತುತ್ವೆ. ದಾರ ಬಿಟ್ರೆ ಮೇಲಿಂದು ಇನ್ನೂ ಎತ್ತರಕ್ಕೆ ಹೋಗುತ್ತೆ, ಒಂದು ತೊಟ್ಟು ಇಂಧನವೂ ಬೇಡ. ಹೋದ ತಿಂಗಳು ಅಮೆರಿಕದವರ ದಾರ ತುಂಡಾಗಿ ಉಪಗ್ರಹ ಹಂಗೇ ಮೇಲಕ್ಕೆ ಹೋಯ್ತು."

"ಕೆಳಗಡೆದು ಏನಾಯ್ತದೆ ಸಾ?" ಕರಿಯಮ್ಮ ಕೇಳಿದಳು.

ಅದನ್ನು ಹೇಳುವ ಸರದಿ ಕುಮಾರಿಯದು. "ಅದು ಇನ್ನೂ ಕೆಳಗಿಳಿಯುತ್ತೆ. ತೀರಾ ಇಳಿದರೆ ಗಾಳಿಗೆ ಸಿಕ್ಕಿ ಉರಿದುಹೋಗುತ್ತೆ" ಎಂದಳು. ಹೇಳುತ್ತಲೇ ಮಣಿಕಟ್ಟಿನ ದಾರ ನೋಡಿಕೊಂಡಳು. ಅವನನ್ನು ಕಳಿಸಿಕೊಡುವ ದೊಡ್ಡತನದಲ್ಲಿ ತನ್ನ ಗತಿಯೇನೆಂದು ಅವಳು ಕೇಳಿಕೊಂಡೇ ಇರಲಿಲ್ಲ. ಅವನಿಲ್ಲದ ಸ್ಟಾಫ್‌ರೂಮು ಈಗ ಕಣ್ಣಿಗೆ ಕಟ್ಟಿತು.

ಸಂಜೆ ಬಸ್ಸಿನಲ್ಲಿ ಪಕ್ಕಪಕ್ಕ ಸೀಟು ಸಿಕ್ಕಿತು. ಅವನು ಆದಷ್ಟೂ ಆಚೆ ಸರಿದು ಕೂತ.

"ತಪ್ಪಾಯ್ತು ಮೇಡಂ. ನನ್ನಿಂದ ಜನರ ಬಾಯಿಗೆ ಬಿದ್ರಿ."

"ಬಡ್ತಿ ಬಿಟ್ರೆ ಮುಂದೆ ಬೇಜಾರು ಮಾಡ್ಕೋತೀರಾ?"

ಅವನು ಯೋಚಿಸಿದ. "ಆಗಾಗ ಮಾಡ್ಕೋತೀನಿ. ಸುಳ್ಳು ಯಾಕೆ ಹೇಳಲಿ."

ಅವಳಿಗೆ ನಗು ಬಂತು, ಹಿಂದೆಯೇ ಕಣ್ಣೂ ತುಂಬಿತು.

"ನಂಗೆ ಸಾಕಾಗಿದೆ ಸ್ವಾಮಿ. ಒಬ್ಬಳ ಕೈಲಿ ಆಗಲ್ಲ. ಹೋಗಬೇಡಿ."

ಸಾರ್ ಅನ್ನದೆ ಅವಳು ಅವನನ್ನು ಕರೆದದ್ದು ಅದೇ ಮೊದಲು. ಅವನು ಹತ್ತಿರ ಸರಿದು ಕೂತ.

ತೆರಕಣಾಂಬಿ ದಾಟುವಷ್ಟರಲ್ಲಿ ಅವಳು ಅವನ ಹೆಗಲಿಗೆ ಒರಗಿ ನಿದ್ದೆಹೋಗಿದ್ದಳು. ಬಸ್ಸಿನಲ್ಲಿ ಊರವರಿದ್ದರು, ಎಲ್ಲರೂ ನೋಡಿದರು. ಗುಂಡ್ಲುಪೇಟೆ ಬಂದು ಜನ ಇಳಿದು ಮುಗಿದರೂ ಅವನಿಗೆ ಎಬ್ಬಿಸಲು ಮನಸ್ಸಾಗಲಿಲ್ಲ. ಕಂಡಕ್ಟರೂ ಇಬ್ಬರನ್ನು ನೋಡಿ, ಬೀಡಿ ಹಚ್ಚಿಕೊಂಡು ಕೆಳಗಿಳಿದ.